ಗಂಡಸನ್ನು ಚೆಲುವನೆಂದು ನೋಡಿ ತೆಗೆದ ಚಿತ್ರ: ಎದುರಿಗೆ ಕೂತವನಿಗೆ ಎಷ್ಟು ಹೇಳಬೇಕು?

ಬೆಳಕಿಂಡಿ, ಭಾನುವಾರ ರಾತ್ರಿ 11.20

ಮೈಸೂರಿನಲ್ಲಿ ಮದುವೆ ಫೋಟೊ ತೆಗೆದು ಬದುಕುವವನು ನಾನು. ಊರು ಮಂಡ್ಯದ ಕಡೆ. ಈ ಕೆಲಸಕ್ಕೆ ಬಂದು 11 ವರ್ಷವಾಯಿತು. ಹೆಣ್ಣನ್ನು ಕೂರಿಸಿದಾಗ "ಗಲ್ಲ ಸ್ವಲ್ಪ ಕೆಳಗೆ, ಬಳೆ ಕಾಣಲಿ, ಕಿಟಕಿಯ ಕಡೆ ತಿರುಗಮ್ಮ" ಎಂದು ಅರ್ಧ ಗಂಟೆ ಕಳೆಯುತ್ತೇವೆ. ಗಂಡಿಗೆ ಎರಡೇ ಮಾತು: ಎದೆ ಎತ್ತಿ, ಕೈ ಕಟ್ಟಿ. ಪೇಟ ನೆಟ್ಟಗಿದೆಯೇ ಎಂದು ಅವನ ಭಾವ ಒಮ್ಮೆ ನೋಡುತ್ತಾನೆ, ಮುಗಿಯಿತು. ಅವನ ಮುಖದ ಮೇಲೆ ಬೆಳಕು ಹೇಗೆ ಬಿದ್ದಿದೆ ಎಂದು ಯಾರೂ ಕೇಳುವುದಿಲ್ಲ. ನಾನು ನೋಡುತ್ತೇನೆ. ನಾನು ಸಲಿಂಗಿ. ಇಲ್ಲಿ ಹೆಸರಿಲ್ಲದೆ ಬರೆಯುತ್ತಿರುವುದರಿಂದ ಇಷ್ಟು ಸಲೀಸಾಗಿ ಹೇಳಿದೆ. ಸ್ಟುಡಿಯೊದಲ್ಲಿ ಹೇಳಿದರೆ ಬರುವ ಮಾಘದ ಮುಹೂರ್ತಗಳೆಲ್ಲ ಪಕ್ಕದ ಸ್ಟುಡಿಯೊದವರ ಪಾಲು.

ಮೂರು ವರ್ಷದಿಂದ ಬಿಡುವು ಸಿಕ್ಕಾಗ ಗಂಡಸರ ಚಿತ್ರ ತೆಗೆಯುತ್ತಿದ್ದೇನೆ. ಆಲೆಮನೆಯ ಕೊಪ್ಪರಿಗೆಯ ಮುಂದೆ ನಿಂತವರು, ನಮ್ಮ ಮಾವನ ಗದ್ದೆಯಲ್ಲಿ ಕಬ್ಬು ಕಡಿಯುವವರು, ಗರಡಿಯ ಹುಡುಗರು. ಇಪ್ಪತ್ತು ದಾಟಿದವರೇ ಎಲ್ಲರೂ. ಬತ್ತಲೆ ಚಿತ್ರ ಒಂದೂ ಇಲ್ಲ. ನನಗೆ ಅತ್ಯಂತ ಇಷ್ಟವಾದದ್ದು ಒಬ್ಬ ಪೈಲ್ವಾನನದು. ಅಭ್ಯಾಸ ಮುಗಿಸಿ ಕಿಟಕಿಯ ಬಳಿ ಕೂತಿದ್ದಾನೆ, ಕತ್ತಿನಲ್ಲಿ ಕೆಮ್ಮಣ್ಣು ಒಣಗಿದೆ, ಕುಸ್ತಿಯಲ್ಲಿ ಜಜ್ಜಿ ಮುದುಡಿದ ಕಿವಿಯ ಅಂಚಿಗೆ ಬೆಳಕು ತಾಗಿದೆ. ಅದನ್ನು ತೆಗೆದ ದಿನ ನನಗೆ ನಿದ್ರೆ ಬರಲಿಲ್ಲ.

ಈಗ ಬೆಂಗಳೂರಿನ ಗೆಳೆಯರು ಕೆಲವರು ಸೇರಿ ಒಂದು ಪ್ರದರ್ಶನ ಮಾಡುತ್ತಿದ್ದಾರೆ. ನನ್ನ 12 ಚಿತ್ರಗಳನ್ನು ಕೇಳಿದ್ದಾರೆ. ಗೋಡೆಯ ಮೇಲಿನ ಬರಹದಲ್ಲಿ 'ಕ್ವೀರ್ ಕಣ್ಣಿನಲ್ಲಿ ಗಂಡಸುತನ' ಎಂದು ಇರುತ್ತದೆ. ಕ್ವೀರ್ ಎಂದರೆ ಗಂಡು-ಹೆಣ್ಣಿನ ವಾಡಿಕೆಯ ಚೌಕಟ್ಟಿಗೆ ಸೇರದ ನನ್ನಂಥವರು. ಪೈಲ್ವಾನನಿಗೆ ನಾನು ಹೇಳಿದ್ದು "ಗರಡಿಯ ಬಗ್ಗೆ ಚಿತ್ರ ಮಾಡುತ್ತಿದ್ದೇನೆ" ಎಂದಷ್ಟೇ. ಅದು ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ. ಅವನಿಗೆ ಎಷ್ಟು ಹೇಳಬೇಕು?

ಹಳೇ ಮಣ್ಣು, ಸೋಮವಾರ ಬೆಳಗ್ಗೆ 6.05

ತಮ್ಮಾ, ನಮ್ಮದು ಮೂರು ತಲೆಮಾರಿನ ಕುಸ್ತಿಯ ಮನೆ. ಕೋಪ ಮಾಡಿಕೊಳ್ಳದೆ ಬರೆಯುತ್ತಿದ್ದೇನೆ. ಗರಡಿ ಹನುಮಂತನ ಜಾಗ. ಅಲ್ಲಿಗೆ ಚಪ್ಪಲಿ ಬಿಟ್ಟು ಹೋಗುತ್ತೇವೆ, ಮಣ್ಣು ಮುಟ್ಟಿ ಹಣೆಗೆ ಒತ್ತಿಕೊಳ್ಳುತ್ತೇವೆ. ಮಣ್ಣು ಹಚ್ಚುವುದು ಚೆಂದಕ್ಕಲ್ಲ, ಬೆವರಿನಲ್ಲಿ ಪಟ್ಟು ಜಾರಬಾರದು ಎಂದು. ಅರಿಸಿನ, ಎಣ್ಣೆ, ನಿಂಬೆಹಣ್ಣು ಎಲ್ಲ ಬೆರೆಸಿ ಹದ ಮಾಡುವುದು ಗಾಯಕ್ಕೆ ಒಳ್ಳೆಯದೆಂದು. ಒಬ್ಬರ ಮೈಯನ್ನು ಒಬ್ಬರು ತಿಕ್ಕುವುದು ಮಾಂಸಖಂಡ ಬಿಗಿಯದಿರಲಿ ಎಂದು. ಇದನ್ನೆಲ್ಲ ಬೇರೆ ಕಣ್ಣಿನಿಂದ ನೋಡಿದರೆ ನಾಳೆ ಯಾವ ತಂದೆ ಮಗನನ್ನು ಗರಡಿಗೆ ಕಳಿಸುತ್ತಾನೆ? ಈಗಲೇ ಹುಡುಗರು ಜಿಮ್‌ಗೆ ಓಡುತ್ತಿದ್ದಾರೆ.

ಇನ್ನೊಂದು ಮಾತು. ಪೈಲ್ವಾನನ ಮೈ ಸಿನಿಮಾ ನಟನ ಮೈಯಂತಲ್ಲ. ನಮಗೆ ಕತ್ತು ಬೇಕು, ತೊಡೆ ಬೇಕು, ಸೊಂಟದ ಬಲ ಬೇಕು. ಹೊಟ್ಟೆ ಇದ್ದರೆ ಇರಲಿ. ಹೊಟ್ಟೆಯ ಮೇಲೆ ಗೆರೆ ಎಣಿಸಿದವನನ್ನು ನಮ್ಮ ಉಸ್ತಾದರು ಹೊರಗೆ ನಿಲ್ಲಿಸುತ್ತಿದ್ದರು.

ಬೆಳಕಿಂಡಿ, ಸೋಮವಾರ ಬೆಳಗ್ಗೆ 7.30

ಅಣ್ಣಾ, ಹೊಟ್ಟೆಯ ಮಾತು ನೂರಕ್ಕೆ ನೂರು ಒಪ್ಪಿದೆ. ನನ್ನ ಚಿತ್ರಗಳಲ್ಲಿ ಹೊಟ್ಟೆಗಳಿವೆ. ಮಿಕ್ಕಿದ್ದಕ್ಕೆ ಉತ್ತರ ಯೋಚಿಸಿ ಬರೆಯುತ್ತೇನೆ.

ಸಂಪಿಗೆ ನೆರಳು, ಸೋಮವಾರ ಬೆಳಗ್ಗೆ 10.12

ಹಳೇ ಮಣ್ಣು ಅವರೇ, ದಸರೆಯಲ್ಲಿ ದೊಡ್ಡಕೆರೆ ಮೈದಾನದಲ್ಲಿ ಕುಸ್ತಿ ನೋಡಲು ಬರುವ ಸಾವಿರಾರು ಗಂಡಸರು ಪಟ್ಟುಗಳನ್ನು ಮಾತ್ರ ನೋಡುತ್ತಾರೆಯೇ? "ಏನು ಮೈಕಟ್ಟು ನೋಡೋ" ಎಂದು ನಮ್ಮ ತಂದೆಯೇ ಬಾಯಿ ಚಪ್ಪರಿಸುತ್ತಿದ್ದರು. ಅವರನ್ನು ಯಾರೂ ಏನೂ ಕೇಳಲಿಲ್ಲ.

ಬೆಳಕಿಂಡಿ, ನಿಮಗೆ ನನ್ನ ಪ್ರಶ್ನೆ ಬೇರೆ. ಜಗನ್ಮೋಹನ ಅರಮನೆಯಲ್ಲಿ ಹಳದಣಕರ್ ಬರೆದ ದೀಪ ಹಿಡಿದ ಹೆಂಗಸಿನ ಚಿತ್ರದ ಮುಂದೆ ಜನ ಸಾಲು ನಿಲ್ಲುತ್ತಾರೆ. ಅದೇ ಅರಮನೆಯಲ್ಲಿ ಗಂಡಸರೂ ಇದ್ದಾರೆ, ಆದರೆ ಮಹಾರಾಜರಾಗಿ, ಪದಕ ಹಾಕಿಕೊಂಡು. ಹೆಂಗಸಿಗೆ ಚೆಲುವು, ಗಂಡಸಿಗೆ ಪದವಿ. ಹೆಂಗಸರನ್ನು ಬರೆದ, ಕಡೆದ, ತೆಗೆದ ಗಂಡಸರಲ್ಲಿ ಒಬ್ಬನಾದರೂ "ಅಮ್ಮಾ, ನಾನು ನಿನ್ನನ್ನು ಆಸೆಯಿಂದ ನೋಡುತ್ತಿದ್ದೇನೆ, ಒಪ್ಪಿಗೆಯೇ" ಎಂದು ಕೇಳಿದ್ದನೇ? ನೀವೊಬ್ಬರೇ ಏಕೆ ಕೇಳಬೇಕು?

ಎಡದಂಡೆ ನಾಲೆ, ಸೋಮವಾರ ಮಧ್ಯಾಹ್ನ 1.45

ಸಂಪಿಗೆ ಅಕ್ಕಾ, ಅವರು ಕೇಳಲಿಲ್ಲ ಎಂಬುದು ನಾವು ಕೇಳದಿರಲು ಕಾರಣವಾಗುತ್ತದೆಯೇ? ನಿಮ್ಮ ವಾದ ಗೆದ್ದರೆ ಸೋಲುವುದು ನಿಮ್ಮ ಕಡೆಯೇ.

ನನಗೆ ಪೈಲ್ವಾನನಿಗಿಂತ ಕಬ್ಬು ಕಡಿಯುವವರ ಚಿಂತೆ. ನಮ್ಮಪ್ಪ ಕಬ್ಬಿನ ಗದ್ದೆಗಳಲ್ಲಿ ಕೂಲಿ ಮಾಡಿದವರು. ಪೈಲ್ವಾನ ಬೇಡ ಎಂದರೆ ಬೇಡ, ನಿಮ್ಮನ್ನು ಎತ್ತಿ ಆಚೆ ಇಡಬಲ್ಲ. ಗದ್ದೆಯ ಯಜಮಾನರ ಅಳಿಯ ಕ್ಯಾಮೆರಾ ಹಿಡಿದು ಬಂದು "ಅಂಗಿ ಬಿಚ್ಚಿ ನಿಲ್ಲಪ್ಪ, ಬೆವರು ಕಾಣಲಿ" ಎಂದರೆ ಕೂಲಿಯವನು ಬೇಡ ಎನ್ನುತ್ತಾನೆಯೇ? ಸಂಜೆ ಬಟವಾಡೆ ಇರುವುದು ನಿಮ್ಮ ಮಾವನ ಕೈಯಲ್ಲಿ. ನೀವು ಯಾವ ಜಾತಿ, ಅವನು ಯಾವ ಜಾತಿ, ಅದನ್ನೂ ಬರಹದಲ್ಲಿ ಹಾಕುತ್ತೀರಾ? ಕ್ವೀರ್ ಕಣ್ಣು ಎಂದು ಬರೆದರೆ ಸಾಲದು. ಅದು ಯಜಮಾನರ ಮನೆಯ ಕಣ್ಣೂ ಹೌದು.

ಬೆಳಕಿಂಡಿ, ಸೋಮವಾರ ಮಧ್ಯಾಹ್ನ 2.20

ಇದನ್ನು ಓದಿ ಊಟ ಬಿಟ್ಟು ಎದ್ದೆ. ಅಂಗಿ ಬಿಚ್ಚಿ ಎಂದು ನಾನು ಹೇಳಿಲ್ಲ, ಅವರು ಬಿಚ್ಚಿಯೇ ಇದ್ದರು. ಆದರೆ ಬೇಡ ಎನ್ನಬಹುದಿತ್ತೇ ಎಂದರೆ, ಇಲ್ಲ. ಅದು ನಿಜ.

ಮೂರನೇ ಅಂತಸ್ತು, ಸೋಮವಾರ ರಾತ್ರಿ 9.50

ನಾನು ಮೈಸೂರಿನ ಕಲಾಶಾಲೆ ಕಾವಾದಲ್ಲಿ ಓದಿದವನು. ಇದೇ ಜಗಳ ಬೇರೆ ಊರುಗಳಲ್ಲಿ ಆಗಿ ಹೋಗಿದೆ, ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಲಾಸ್ ಏಂಜಲೀಸ್‌ನಲ್ಲಿ ಬಾಬ್ ಮೈಜರ್ ಎಂಬಾತ 1945ರಿಂದ ಕಸರತ್ತು ಮಾಡುವ ಹುಡುಗರ ಚಿತ್ರ ತೆಗೆದು ಮಾರಿದ. 1951ರಲ್ಲಿ ಪತ್ರಿಕೆಯನ್ನೂ ಶುರು ಮಾಡಿದ. ಮೇಲ್ನೋಟಕ್ಕೆ ದೇಹದಾರ್ಢ್ಯದ ಪತ್ರಿಕೆ. ಓದುಗರು ಯಾರು, ಏಕೆ ತರಿಸುತ್ತಿದ್ದರು ಎಂಬುದು ಎಲ್ಲರಿಗೂ ಗೊತ್ತಿತ್ತು. ಅಂಚೆ ಕಾನೂನಿಗೆ ಹೆದರಿ ಹುಡುಗರಿಗೆ ಒಂದು ತುಂಡು ಬಟ್ಟೆ ಕಟ್ಟುತ್ತಿದ್ದ, ನಮ್ಮ ಲಂಗೋಟಿಯ ತಮ್ಮನಂಥದ್ದು. ಬೆಳಕಿಂಡಿ ಅವರು 'ಗರಡಿಯ ಬಗ್ಗೆ' ಎಂದು ಹೇಳಿದ್ದೂ ಅದೇ ತುಂಡು ಬಟ್ಟೆ.

ಎಡದಂಡೆ ನಾಲೆಯವರು ಎತ್ತಿದ ಮಾತು ಅಮೆರಿಕದ ರಾಬರ್ಟ್ ಮೇಪಲ್‌ಥಾರ್ಪ್‌ನ ಸುತ್ತ ಬೆಂಕಿಯಂತೆ ಎದ್ದಿತ್ತು. ಆತ ಬಿಳಿಯ, ತೆಗೆದದ್ದು ಕಪ್ಪು ಗಂಡಸರನ್ನು. ಶಿಲ್ಪದಂತೆ ಹೊಳೆಯುವ ಮೈಗಳು, ಕೆಲವು ಚಿತ್ರಗಳಲ್ಲಿ ತಲೆಯೇ ಇಲ್ಲ. ಲಂಡನ್ನಿನ ವಿಮರ್ಶಕ ಕೊಬೆನಾ ಮರ್ಸರ್, ತಾನೂ ಕಪ್ಪು, ತಾನೂ ಸಲಿಂಗಿ, 1986ರಲ್ಲಿ ಇದನ್ನು ಕಟುವಾಗಿ ಟೀಕಿಸಿದ: ಮನುಷ್ಯನನ್ನು ತೆಗೆದು ಚರ್ಮವನ್ನು ಉಳಿಸಿಕೊಂಡಿದ್ದಾನೆ ಎಂಬ ಅರ್ಥದಲ್ಲಿ. ಕೆಲವೇ ವರ್ಷಗಳಲ್ಲಿ ಅದೇ ಮರ್ಸರ್ ತನ್ನ ಮಾತನ್ನು ತಾನೇ ಮರುವಿಚಾರಣೆಗೆ ತಂದ. ಆ ಚಿತ್ರಗಳನ್ನು ನೋಡುವಾಗ ತನ್ನೊಳಗೂ ಆಸೆ ಎದ್ದಿತ್ತು, ಅದನ್ನು ಮೊದಲ ಬರಹದಲ್ಲಿ ಬಚ್ಚಿಟ್ಟಿದ್ದೆ ಎಂದು ಒಪ್ಪಿಕೊಂಡ. ಎರಡೂ ಬರಹ ಸರಿ ಎಂದು ನನ್ನ ಭಾವನೆ. ಒಂದನ್ನು ಓದಿ ಇನ್ನೊಂದನ್ನು ಬಿಡುವವರ ಜೊತೆ ನಾನು ಚಹಾ ಕುಡಿಯುವುದಿಲ್ಲ.

ಕೊನೆಯದಾಗಿ ಸುನಿಲ್ ಗುಪ್ತ. 1953ರಲ್ಲಿ ದೆಹಲಿಯಲ್ಲಿ ಹುಟ್ಟಿ, ಹದಿಹರೆಯದಲ್ಲಿ ಮನೆಯವರ ಜೊತೆ ಕೆನಡಾಕ್ಕೆ ಹೋದವರು. 1986-87ರಲ್ಲಿ ದೆಹಲಿಯ ಸಲಿಂಗಿ ಗಂಡಸರನ್ನು ಇಂಡಿಯಾ ಗೇಟ್, ಹುಮಾಯೂನನ ಗೋರಿಯಂಥ ಕಡೆ ನಿಲ್ಲಿಸಿ ತೆಗೆದರು. ಸಲಿಂಗ ಸಂಬಂಧವನ್ನು ಅಪರಾಧ ಎನ್ನುತ್ತಿದ್ದ 377ನೇ ಕಲಂ ಜೀವಂತವಿದ್ದ ಕಾಲ. ಹಾಗಾಗಿ ಹಲವರ ಮುಖ ಕ್ಯಾಮೆರಾದಿಂದ ಆಚೆಗೆ ತಿರುಗಿದೆ, ಚಿತ್ರದ ಕೆಳಗೆ ಅವರದೇ ಮಾತಿದೆ. ಅಲ್ಲಿ ನಿಂತವರಿಗೆ ಯಾತಕ್ಕೆ ನಿಂತಿದ್ದೇವೆ ಎಂದು ಗೊತ್ತಿತ್ತು. ನಿಮ್ಮ ಪೈಲ್ವಾನನಿಗೆ ಗೊತ್ತಿಲ್ಲ. ವ್ಯತ್ಯಾಸ ಇರುವುದು ಇಷ್ಟರಲ್ಲೇ.

ವೈರಮುಡಿ ರಾತ್ರಿ, ಸೋಮವಾರ ರಾತ್ರಿ 11.35

ಅಷ್ಟು ದೂರ ಹೋಗಿ ಬಂದಿರಿ, ಒಳ್ಳೆಯದೇ. ನಾನು ಮೇಲುಕೋಟೆಯವನು, ಬೆಟ್ಟದ ಮೇಲಿಂದ ಒಂದು ಮಾತು.

ನಮ್ಮ ದೇವರ ಹೆಸರೇ ಚೆಲುವನಾರಾಯಣ. ಶೂರನಾರಾಯಣ ಅಲ್ಲ, ವೀರನಾರಾಯಣ ಅಲ್ಲ. ವೈರಮುಡಿ ಉತ್ಸವಕ್ಕೆ ಮಂಡ್ಯದ ಖಜಾನೆಯಿಂದ ಪೊಲೀಸ್ ಕಾವಲಿನಲ್ಲಿ ಕಿರೀಟ ಬರುತ್ತದೆ, ಹಗಲು ಬೆಳಕಿನಲ್ಲಿ ಅದನ್ನು ತೋರಿಸುವುದಿಲ್ಲ, ರಾತ್ರಿಯಿಡೀ ಜನ ಕತ್ತು ಚಾಚಿ ಒಬ್ಬ ಚೆಲುವನನ್ನು ನೋಡುತ್ತಾರೆ. ಮೀಸೆ ಹೊತ್ತ ಗೌಡರು ಕಣ್ಣಲ್ಲಿ ನೀರು ತುಂಬಿಕೊಂಡು "ಏನು ಚೆಂದ ನನ್ನಪ್ಪ" ಎನ್ನುತ್ತಾರೆ. ಜಿಲ್ಲೆಯ ತುಂಬ ಚೆಲುವೇಗೌಡ, ಚೆಲುವರಾಜು, ಚೆಲುವಯ್ಯ ಎಂಬ ಹೆಸರುಗಳು. ಹೆಸರಿನಲ್ಲಿ ಚೆಲುವ ಇರಬಹುದು. ಆದರೆ ಒಬ್ಬ ಗಂಡಸು ಇನ್ನೊಬ್ಬನಿಗೆ ಮುಖ ನೋಡಿ "ನೀನು ಚೆಲುವ" ಎಂದರೆ ಬಸ್ ನಿಲ್ದಾಣವೇ ತಿರುಗಿ ನೋಡುತ್ತದೆ.

ಗೊಮ್ಮಟನನ್ನೂ ಮರೆಯಬೇಡಿ. ಜೈನರಿಗೆ ಬಾಹುಬಲಿ ಮೊದಲ ಕಾಮದೇವ. ಶ್ರವಣಬೆಳಗೊಳದಲ್ಲಿ ಸುಮಾರು 1180ರ ಬೊಪ್ಪಣನ ಶಾಸನವಿದೆ. ಅದರ ತಾತ್ಪರ್ಯ: ತೀರ ಎತ್ತರವಾದರೆ ಚೆಲುವು ಇರುವುದಿಲ್ಲ, ಎತ್ತರವೂ ಚೆಲುವೂ ಇದ್ದರೆ ಮಹಿಮೆ ಇರುವುದಿಲ್ಲ, ಈ ಮೂರ್ತಿಯಲ್ಲಿ ಮೂರೂ ಇವೆ. ಹನ್ನೆರಡನೆಯ ಶತಮಾನದ ಕನ್ನಡ ಕವಿ ಬತ್ತಲೆ ಗಂಡಸಿನ ಮುಂದೆ ನಿಂತು ಸೌಂದರ್ಯ ಎಂಬ ಪದವನ್ನು ಕಲ್ಲಿನಲ್ಲಿ ಕೆತ್ತಿಸಿದ್ದಾನೆ. ಪ್ರದರ್ಶನದ ಗೋಡೆಗೆ ಇಂಗ್ಲಿಷಿನಿಂದ ತಂದ ಪದವೇ ಬೇಕೇ?

ಮೂರನೇ ಅಂತಸ್ತು, ಮಂಗಳವಾರ ಬೆಳಗ್ಗೆ 8.15

ಇದು ಹೊಳೆದಿರಲಿಲ್ಲ, ಶರಣು. ಛಾಯಾಗ್ರಾಹಕ ರೊಟಿಮಿ ಫಾನಿ-ಕಯೊಡೆ ಮಾಡಿದ್ದೂ ಹೀಗೆಯೇ. 1955ರಲ್ಲಿ ಲಾಗೋಸ್‌ನಲ್ಲಿ ಹುಟ್ಟಿ ಬ್ರಿಟನ್ನಿಗೆ ವಲಸೆ ಹೋದವರು, 1989ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು. ಕಪ್ಪು ಗಂಡಸಿನ ಮೈಯನ್ನು ತೆಗೆಯುವಾಗ ತಮ್ಮ ಯೊರುಬಾ ಜನರ ಪೂಜೆ, ಮುಖವಾಡಗಳನ್ನು ಚೌಕಟ್ಟಿನೊಳಗೆ ತಂದರು.

ಆದರೂ ಕ್ವೀರ್ ಎಂಬ ಪದವನ್ನು ಬಿಡಬೇಡಿ. ಚೆಲುವ ಎಂದರೆ ದೇವರ ಮರೆಗೆ ನಿಲ್ಲಬಹುದು. ಅದೂ ಒಂದು ಲಂಗೋಟಿಯೇ.

ಹಳೇ ಮಣ್ಣು, ಮಂಗಳವಾರ ಬೆಳಗ್ಗೆ 8.40

ಲಂಗೋಟಿಯನ್ನು ಇಷ್ಟು ಹಗುರವಾಗಿ ಎಳೆಯಬೇಡಿರಪ್ಪ.

ಕಪ್ಪು ಕೋಟು, ಮಂಗಳವಾರ ಬೆಳಗ್ಗೆ 11.00

ಕಾನೂನಿನದು ಚುಟುಕಾಗಿ. 1957ರ ಕೃತಿಸ್ವಾಮ್ಯ ಕಾಯಿದೆಯಲ್ಲಿ ದುಡ್ಡು ಕೊಟ್ಟು ತೆಗೆಸಿಕೊಂಡವರದು ಚಿತ್ರದ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ. ಹಾಗಾಗಿ ನಿಮ್ಮ ಮದುವೆ ಫೋಟೊಗಳು ಗಿರಾಕಿಗಳದು. ಪೈಲ್ವಾನ ದುಡ್ಡು ಕೊಟ್ಟಿಲ್ಲ, ಅದು ನಿಮ್ಮದು. ಕದ್ದು ನೋಡಿ ತೆಗೆಯುವುದನ್ನು ಶಿಕ್ಷಿಸುವ ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಂ ಕಾಪಾಡುವುದು ಹೆಂಗಸರನ್ನು ಮಾತ್ರ. ಗುಪ್ತಾಂಗದ ಚಿತ್ರಗಳಿಗೆ ಸಂಬಂಧಿಸಿದ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಇ ಕಲಂ ಯಾರಿಗಾದರೂ ಅನ್ವಯಿಸುತ್ತದೆ. ನಿಮ್ಮ ಚಿತ್ರಗಳಿಗೆ ಎರಡೂ ತಾಗುವುದಿಲ್ಲ. ಆದರೂ ಕನ್ನಡದಲ್ಲಿ ಒಂದು ಒಪ್ಪಿಗೆ ಪತ್ರ ಮಾಡಿಸಿ. ಎಲ್ಲಿ ತೋರಿಸುತ್ತೇನೆ, ಯಾವ ಹೆಸರಿನಡಿ ತೋರಿಸುತ್ತೇನೆ, ಯಾವಾಗ ಬೇಕಾದರೂ ಹಿಂತೆಗೆದುಕೊಳ್ಳಬಹುದು, ಇಷ್ಟೂ ಇರಲಿ.

ಹಿಮ್ಮೇಳ, ಮಂಗಳವಾರ ಸಂಜೆ 5.30

ನನಗೀಗ 71. ಹುಡುಗನಾಗಿದ್ದಾಗ ಊರಿನ ಪೌರಾಣಿಕ ನಾಟಕದಲ್ಲಿ ದ್ರೌಪದಿಯಾಗುತ್ತಿದ್ದೆ. ಆಗ ಮಂಡ್ಯದ ಒಂದು ಸ್ಟುಡಿಯೊದಲ್ಲಿ ಭೀಮನ ಪಾತ್ರದವನ ಜೊತೆ ಫೋಟೊ ತೆಗೆಸಿಕೊಂಡೆ. ವೇಷದಲ್ಲಲ್ಲ, ಇಬ್ಬರೂ ಬಿಳಿ ಪಂಚೆ, ಬಿಳಿ ಶರ್ಟು. ಹಿಂದೆ ಸರೋವರ ಬರೆದ ಪರದೆ. ಅವನು ಕುರ್ಚಿಯಲ್ಲಿ, ನಾನು ಕುರ್ಚಿಯ ತೋಳಿನ ಮೇಲೆ, ಅವನ ಬೆರಳು ನನ್ನ ಬೆರಳಲ್ಲಿ. ಆ ಕಾಲದಲ್ಲಿ ಸ್ನೇಹಿತರೆಲ್ಲ ಹಾಗೆ ತೆಗೆಸಿಕೊಳ್ಳುತ್ತಿದ್ದರು, ಆಮೇಲೆ ಆ ವಾಡಿಕೆ ಎಲ್ಲಿ ಹೋಯಿತೋ. ನಾನು ಮದುವೆಯಾದೆ, ಅವನೂ ಆದ. ಫೋಟೊ ಈಗಲೂ ನಮ್ಮ ನಡುಮನೆಯ ಗೋಡೆಯ ಮೇಲಿದೆ. ಮೊನ್ನೆ ಮೊಮ್ಮಗಳು ನೋಡಿ "ಅಜ್ಜಾ, ಇದು ಕ್ವೀರ್ ಫೋಟೊ" ಎಂದು ನಕ್ಕಳು. ಹೌದೆನ್ನಲೂ ಇಲ್ಲವೆನ್ನಲೂ ನನಗೆ ಬಾಯಿ ಬರಲಿಲ್ಲ.

ಎಡದಂಡೆ ನಾಲೆ, ಮಂಗಳವಾರ ಸಂಜೆ 6.10

ತಾತಾ, ಉತ್ತರ ಹೇಳಬೇಕಾಗಿಲ್ಲ. ಫೋಟೊ ಗೋಡೆಯ ಮೇಲಿದೆಯಲ್ಲ.

ಮಡಿಕೆ, ಮಂಗಳವಾರ ರಾತ್ರಿ 10.25

ಎಲ್ಲವನ್ನೂ ಓದಿದೆ. ಬೇಸರವಾಯಿತು, ಏಕೆಂದು ಹೇಳುತ್ತೇನೆ.

ಗೊಮ್ಮಟ, ಭೀಮ, ಪೈಲ್ವಾನ, ಕಬ್ಬು ಕಡಿಯುವವನ ತೋಳು. ನಿಮ್ಮ ಕ್ವೀರ್ ಕಣ್ಣು ಕೂಡ ನೋಡುವುದು ನಮ್ಮ ಊರು ಮೊದಲಿನಿಂದ ಮೆಚ್ಚಿದ ಗಂಡಸನ್ನೇ. ನಾನು ಹೆಣ್ಣಿಗ ಎಂದು ಕರೆಸಿಕೊಂಡೇ ಬೆಳೆದವನು. ನನ್ನ ಮುಂಗೈ ಸಣ್ಣದು, ನಡಿಗೆ ನಿಮಗೆ ಗೊತ್ತೇ ಇರುತ್ತದೆ. ಸೀರೆ ಅಂಗಡಿಯಲ್ಲಿ ಕೆಲಸ. ಸೀರೆ ಅಂಗಡಿಯಲ್ಲಿ ಗಂಡಸರು ಏನು ಮಾಡುತ್ತಾರೆ ನೋಡಿದ್ದೀರಲ್ಲ? ಗಿರಾಕಿ ಕೇಳಿದ ಸೀರೆಯನ್ನು ಶರ್ಟಿನ ಮೇಲೇ ಸುತ್ತಿ, ನೆರಿಗೆ ಹಿಡಿದು, ಸೆರಗನ್ನು ಹೆಗಲಿಗೆ ಹಾಕಿ ತೋರಿಸುತ್ತೇವೆ. ದಿನಕ್ಕೆ 30 ಸೀರೆಯಾದರೂ ನನ್ನ ಮೈಮೇಲೆ ಬರುತ್ತವೆ. ನನ್ನ ಪಕ್ಕದ ಮೀಸೆಯವನು ಉಟ್ಟರೆ ಯಾರೂ ನಗುವುದಿಲ್ಲ, ನಾನು ಉಟ್ಟರೆ ಗಿರಾಕಿಯ ಜೊತೆ ಬಂದ ಗಂಡಂದಿರು ಮುಖ ಮುಖ ನೋಡಿಕೊಳ್ಳುತ್ತಾರೆ. ಹೆಂಗಸರು ಮಾತ್ರ "ನಿನಗೆ ಒಪ್ಪುತ್ತದಪ್ಪ, ಇದನ್ನೇ ಕಟ್ಟಿಬಿಡು" ಎನ್ನುತ್ತಾರೆ. ನನ್ನ ಮಾರಾಟವೇ ಹೆಚ್ಚು, ಯಜಮಾನರನ್ನು ಕೇಳಿ.

12 ಚಿತ್ರಗಳಲ್ಲಿ ನನ್ನಂಥವನು ಒಬ್ಬನಾದರೂ ಇದ್ದಾನೆಯೇ?

ಬೆಳಕಿಂಡಿ, ಮಂಗಳವಾರ ರಾತ್ರಿ 11.50

ಇಲ್ಲ. ನಾನು ತೆಗೆದ ಒಟ್ಟು 40 ಚಿತ್ರಗಳಲ್ಲೂ ಇಲ್ಲ. ನನ್ನಂತೆ ಇರುವವರನ್ನು ನೋಡಲು ನನಗೆ ಭಯ. ಸ್ಟುಡಿಯೊದಲ್ಲಿ ನಾನು ದನಿಯನ್ನು ದಪ್ಪ ಮಾಡಿಕೊಂಡು ಮಾತನಾಡುತ್ತೇನೆ.

ಎರಡೂವರೆ ಸ್ಟಾಪು, ಬುಧವಾರ ಬೆಳಗ್ಗೆ 7.05

ಕಸುಬಿನ ಮಾತು ಯಾರೂ ಆಡಲಿಲ್ಲ, ನಾನು ಆಡುತ್ತೇನೆ. ಕ್ಯಾಮೆರಾದ ಮೀಟರು ಏನನ್ನು ಕಂಡರೂ ನಡುಬೂದು ಬಣ್ಣಕ್ಕೆ ಎಳೆಯುತ್ತದೆ. ಚೌಕಟ್ಟು ತುಂಬ ಕಪ್ಪು ಮೈ ಇದ್ದರೆ ಬೆಳಕನ್ನು ಹೆಚ್ಚಿಗೆ ಬಿಟ್ಟು ಬೂದಿ ಬಳಿದಂತೆ ಮಾಡುತ್ತದೆ. ಒಂದು ಸ್ಟಾಪು, ಎಂದರೆ ಬೆಳಕನ್ನು ಅರ್ಧಕ್ಕೆ, ತಗ್ಗಿಸಿ. ಎದುರಿನಿಂದ ಫ್ಲ್ಯಾಷ್ ಹೊಡೆಯಬೇಡಿ. ಅಗಲವಾದ ಕಿಟಕಿಯ ಬೆಳಕು ಪಕ್ಕದಿಂದ ಬಂದರೆ ಕಪ್ಪು ಚರ್ಮ ಹೊಳಪಿನಿಂದಲೇ ತನ್ನ ಆಕಾರ ತೋರಿಸುತ್ತದೆ. ಮದುವೆ ಆಲ್ಬಮ್‌ಗಳಲ್ಲಿ ಹುಡುಗನನ್ನು ಬೆಳ್ಳಗೆ ಮಾಡುವ ಚಟವನ್ನು ಇಲ್ಲಿಗೆ ತರಬೇಡಿ. ಆ ಕಿವಿಯನ್ನಂತೂ ಮುಟ್ಟಲೇಬೇಡಿ.

ಸಂಪಿಗೆ ನೆರಳು, ಬುಧವಾರ ಬೆಳಗ್ಗೆ 9.20

ಕಿವಿ ಮುಟ್ಟಬೇಡಿ. ನನ್ನದೂ ಒಂದು ಮತ.

ಬೆಳಕಿಂಡಿ, ಮುಂದಿನ ಸೋಮವಾರ ರಾತ್ರಿ 10.00

ಆದದ್ದನ್ನು ಹೇಳಿಬಿಡುತ್ತೇನೆ. ಕಬ್ಬಿನ ಗದ್ದೆಯ ಚಿತ್ರಗಳನ್ನು ಪಟ್ಟಿಯಿಂದ ತೆಗೆದೆ. ಆ ಚಿತ್ರಗಳಲ್ಲಿ ಇದ್ದವರನ್ನೆಲ್ಲ ಹುಡುಕಿ ಪ್ರತಿ ಕೊಡಲು ಹೊರಟರೆ, ಅವರ ತಂಡ ಆಗಲೇ ಬೇರೆ ಊರಿಗೆ ಹೋಗಿತ್ತು. ಇಬ್ಬರು ಸಿಕ್ಕರು.

ಶನಿವಾರ ಗರಡಿಗೆ ಹೋದೆ. ಪೈಲ್ವಾನನನ್ನು ಹೊರಗಿನ ಟೀ ಅಂಗಡಿಗೆ ಕರೆದುಕೊಂಡು ಹೋಗಿ, ಚಿತ್ರವನ್ನು ಮೇಜಿನ ಮೇಲಿಟ್ಟು, ಎಲ್ಲವನ್ನೂ ಹೇಳಿದೆ. ನಾನು ಯಾರು, ಅವನನ್ನು ಯಾವ ಕಣ್ಣಿನಿಂದ ನೋಡಿದೆ, ಗೋಡೆಯ ಮೇಲೆ ಏನು ಬರೆದಿರುತ್ತದೆ. ಹೇಳಿ ಮುಗಿಸುವಷ್ಟರಲ್ಲಿ ಟೀ ಕೆನೆಗಟ್ಟಿತ್ತು. ಅವನು ಬಹಳ ಹೊತ್ತು ಚಿತ್ರವನ್ನೇ ನೋಡಿದ. ಆಮೇಲೆ "ಪ್ರದರ್ಶನಕ್ಕೆ ಬೇಡ ಸರ್, ದಸರೆ ಕುಸ್ತಿಗೆ ಜೋಡಿ ಕಟ್ಟುವಾಗ ಹುಡುಗರು ಆಡಿಕೊಳ್ಳುತ್ತಾರೆ" ಎಂದ. ಆಗಲಿ ಎಂದೆ. ಮತ್ತೆ ಸ್ವಲ್ಪ ಹೊತ್ತು ಬಿಟ್ಟು, "ಮುಖ ಕಾಣದ ಹಾಗೆ, ಕಿವಿ ಮತ್ತು ಕತ್ತು ಮಾತ್ರ ಇದ್ದರೆ ಹಾಕಿಕೊಳ್ಳಿ" ಎಂದ. ಹಾಗೇ ಕತ್ತರಿಸಿದ್ದೇನೆ. ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿದ, ಕಪ್ಪು ಕೋಟು ಅವರಿಗೆ ಧನ್ಯವಾದ.

ಏಳುವಾಗ ಅವನೇ ಕೇಳಿದ: ಪೂರ್ತಿ ಚಿತ್ರದ ಒಂದು ಪ್ರತಿ ಕೊಡುತ್ತೀರಾ, ಮನೆಯಲ್ಲಿ ಹೆಣ್ಣು ನೋಡುತ್ತಿದ್ದಾರೆ, ಮದುವೆ ದಲ್ಲಾಳಿಗೆ ಕಳಿಸಲು ಇಷ್ಟು ಚೆನ್ನಾಗಿರುವ ಫೋಟೊ ನನ್ನದು ಇನ್ನೊಂದಿಲ್ಲ. ಕಿವಿಯನ್ನು ಮಾತ್ರ ಸ್ವಲ್ಪ ಸರಿ ಮಾಡಿಕೊಡಿ.

ಎರಡೂವರೆ ಸ್ಟಾಪು, ಸೋಮವಾರ ರಾತ್ರಿ 10.15

ಮಾಡಿಕೊಟ್ಟಿರಾ?

ಬೆಳಕಿಂಡಿ, ಸೋಮವಾರ ರಾತ್ರಿ 10.18

ಮಾಡಿಕೊಟ್ಟೆ. ಬೈಯಿರಿ.

ಹಳೇ ಮಣ್ಣು, ಸೋಮವಾರ ರಾತ್ರಿ 10.40

ಬೈಯುವುದಿಲ್ಲ. ಆದರೆ ಆ ಕಿವಿ ಆಗಲು ಹುಡುಗನಿಗೆ ಆರೇಳು ವರ್ಷ ಹಿಡಿದಿರುತ್ತದೆ. ಹೆಣ್ಣಿನ ಕಡೆಯವರು ಕುಸ್ತಿಯ ಮನೆಯವರಾದರೆ ಕಿವಿ ಎಲ್ಲಿ ಎಂದು ಕೇಳುತ್ತಾರೆ. ಅಸಲಿ ಪ್ರತಿಯನ್ನೂ ಜೊತೆಗೆ ಕೊಡು.

ಬೆಳಕಿಂಡಿ, ಸೋಮವಾರ ರಾತ್ರಿ 10.52

ಕೊಡುತ್ತೇನೆ ಅಣ್ಣಾ. ಮಡಿಕೆ ಅವರೇ, ಓದುತ್ತಿದ್ದೀರಾ? ಗೋಡೆಯಲ್ಲಿ ಜಾಗ ಖಾಲಿಯಾಗಿದೆ ಎಂದು ಕೇಳುತ್ತಿಲ್ಲ. ಪ್ರದರ್ಶನ ಇಲ್ಲದಿದ್ದರೂ ನಿಮ್ಮನ್ನು ತೆಗೆಯಬೇಕೆಂದಿದೆ. ಮುಖ, ಜಾಗ, ಬಟ್ಟೆ, ಎಲ್ಲವೂ ನೀವು ಹೇಳಿದಂತೆ.

ಮಡಿಕೆ, ಮಂಗಳವಾರ ಬೆಳಗ್ಗೆ 6.30

ಓದುತ್ತಿದ್ದೇನೆ. ಕಿವಿಯ ವಿಷಯಕ್ಕೆ ಇನ್ನೂ ಕೋಪವಿದೆ.

ನಮ್ಮ ಅಂಗಡಿಗೆ ಮಂಗಳವಾರ ರಜೆ. ಮುಂದಿನ ವಾರ ಬರಬಹುದು. ಸ್ಟುಡಿಯೊ ಬೇಡ, ನನ್ನ ಬಾಡಿಗೆ ಮನೆಗೆ ಪೂರ್ವದ ಕಿಟಕಿ ಇದೆ, ಎಂಟು ಗಂಟೆಯವರೆಗೆ ಬಿಸಿಲು ನೆಲಕ್ಕೆ ಬೀಳುತ್ತದೆ. ಶರ್ಟಿನ ಮೇಲೆ ಉಡುವುದಿಲ್ಲ, ಅಂಗಡಿಯಲ್ಲಿ ಅದು ದಿನಾ ಇದ್ದದ್ದೇ. ಬಾಟಲಿ ಹಸಿರಿನ ಸೀರೆಯೊಂದು ಎರಡು ವರ್ಷದಿಂದ ಪೆಟ್ಟಿಗೆಯಲ್ಲಿದೆ, ಸಂಬಳದಲ್ಲಿ ಕಂತು ಕಂತಾಗಿ ಹಿಡಿಸಿ ಕೊಂಡದ್ದು. ಇಸ್ತ್ರಿ ಮಾಡಿಸಬೇಕು. ಮುಖದ ವಿಷಯ ಆ ದಿನ ನೋಡೋಣ.